ದಿನವಿಡೀ ದುಡಿಯುವ ದೇಹಕ್ಕೆ ಮತ್ತೆ ವ್ಯಾಯಾಮ ಯಾಕೆ? ಬಿಪಿಯ ಲೆಕ್ಕವೇ ಬೇರೆ

ಬಿಪಿ ಇದೆ ಅಂತ ಗೊತ್ತಾದ ದಿನ ಡಾಕ್ಟರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಉಪ್ಪು ಕಮ್ಮಿ ಮಾಡಿ, ಮಾತ್ರೆ ತಪ್ಪಿಸಬೇಡಿ, ವ್ಯಾಯಾಮ ಮಾಡಿ. ಮೊದಲೆರಡು ಮಾತಿಗೆ ಯಾರೂ ಎದುರಾಡುವುದಿಲ್ಲ, ಪಾಲಿಸುತ್ತಾರಾ ಅನ್ನುವುದು ಬೇರೆ ವಿಷಯ. ಮೂರನೆಯದಕ್ಕೆ ಮಾತ್ರ ತಕರಾರು ಬರುತ್ತದೆ, ಅದೂ ಎರಡು ಥರದ್ದು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು, "ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಮಲಗೋವರೆಗೂ ಮೈ ಬಗ್ಗಿಸಿ ದುಡೀತಾನೇ ಇರ್ತೀನಲ್ಲ ಡಾಕ್ಟ್ರೇ, ಇದಕ್ಕಿಂತ ವ್ಯಾಯಾಮ ಬೇಕಾ?" ಅಂತಾಳೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಹುಡುಗನ ಅನುಮಾನ ಬೇರೆ: "ಜಿಮ್‌ನಲ್ಲಿ ಬಿಪಿ ಏರಿ ಏನಾದ್ರೂ ಆಗಿಬಿಟ್ರೆ?"

ಎರಡೂ ದಡ್ಡ ಪ್ರಶ್ನೆಗಳಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ವರ್ಕೌಟ್ ಮುಗಿಸಿದ ಬೆನ್ನಲ್ಲೇ ಅಸ್ವಸ್ಥರಾಗಿ, 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಜಿಮ್ ಅನ್ನುವ ಪದಕ್ಕೇ ಒಂದು ಭಯ ಅಂಟಿಕೊಂಡಿತು. ಒಬ್ಬ ವ್ಯಕ್ತಿಯ ಸಾವಿನಿಂದ ವ್ಯಾಯಾಮದ ಬಗ್ಗೆ ತೀರ್ಪು ಕೊಡಲಾಗುವುದಿಲ್ಲ. ಆದರೆ ಭಯ ಇರೋದಂತೂ ನಿಜ, ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದ್ದೂ ನಿಜ. ಇನ್ನು ಗಾರ್ಮೆಂಟ್ಸ್ ಹೆಣ್ಣುಮಗಳ ಪ್ರಶ್ನೆಯಂತೂ ವೈದ್ಯವಿಜ್ಞಾನವೇ ಈಚಿನ ವರ್ಷಗಳಲ್ಲಿ ತಲೆ ಕೆಡಿಸಿಕೊಂಡಿರುವ ಪ್ರಶ್ನೆ.

ಇದು ನಮ್ಮ ಅಪ್ಪ ಅಮ್ಮಂದಿರ ಕಾಯಿಲೆ, ನಮಗ್ಯಾಕೆ ಅಂತ ನೀವು ಸ್ಕ್ರೋಲ್ ಮಾಡುವ ಮೊದಲು ಒಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21ರಷ್ಟು ಜನರಿಗೆ ಬಿಪಿ ಹೆಚ್ಚಿದೆ ಅಥವಾ ಅವರು ಅದಕ್ಕೆ ಮಾತ್ರೆ ತಗೊಳ್ತಿದ್ದಾರೆ. ಇದು ತಲೆನೋವು, ಜ್ವರದ ಹಾಗೆ ಹೇಳಿಕೊಂಡು ಬರುವ ಕಾಯಿಲೆಯಲ್ಲ. ಅಳೆಸದೆ ಗೊತ್ತಾಗುವುದಿಲ್ಲ.

ಏರುವುದೂ ಇಳಿಯುವುದೂ

ವ್ಯಾಯಾಮದ ಬಗ್ಗೆ ಇರುವ ಅರ್ಧ ಗೊಂದಲ ಒಂದೇ ಕಡೆಯಿಂದ ಹುಟ್ಟುತ್ತದೆ. ವ್ಯಾಯಾಮ ಮಾಡುವಾಗ ಬಿಪಿ ಏರುತ್ತದೆ. ಮುಗಿಸಿದ ಮೇಲೆ ಕೆಲವು ಗಂಟೆಗಳ ಕಾಲ ಮೊದಲಿದ್ದಕ್ಕಿಂತ ಕೆಳಗಿಳಿಯುತ್ತದೆ. ವಾರಗಟ್ಟಲೆ ಬಿಡದೆ ಮಾಡಿದರೆ ಸುಮ್ಮನೆ ಕೂತಾಗಿನ ಬಿಪಿಯೇ ಕಮ್ಮಿಯಾಗುತ್ತದೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದನ್ನು ಮಾತ್ರ ನೋಡಿದವರು ಹೆದರುತ್ತಾರೆ, ಮೂರನೆಯದನ್ನು ಮಾತ್ರ ಕೇಳಿದವರು ಮಾತ್ರೆ ಬಿಟ್ಟು ಓಡಲು ಶುರು ಮಾಡುತ್ತಾರೆ. ಎರಡೂ ಅಪಾಯ.

ನಡಿಗೆ, ಓಟ, ಸೈಕಲ್, ಈಜು ಇವುಗಳಲ್ಲಿ ದೊಡ್ಡ ಸ್ನಾಯುಗಳು ಬಿಗಿಯುತ್ತಾ ಸಡಿಲವಾಗುತ್ತಾ ಲಯದಲ್ಲಿ ಕೆಲಸ ಮಾಡುತ್ತವೆ. ಹೃದಯ ಹೆಚ್ಚು ರಕ್ತ ತಳ್ಳುತ್ತದೆ, ಆದರೆ ಸ್ನಾಯುಗಳೊಳಗಿನ ರಕ್ತನಾಳಗಳು ಅಷ್ಟೇ ಅಗಲವಾಗಿ ದಾರಿ ಬಿಡುತ್ತವೆ. ಹಾಗಾಗಿ ಬಿಪಿಯ ಮೇಲಿನ ಸಂಖ್ಯೆ ನಿಧಾನಕ್ಕೆ ಏರುತ್ತದೆ, ಕೆಳಗಿನದು ಹೆಚ್ಚು ಕದಲುವುದಿಲ್ಲ. ಭಾರ ಎತ್ತುವುದು ಹಾಗಲ್ಲ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳವನ್ನೇ ಹಿಸುಕುತ್ತದೆ, ದಾರಿ ಕಟ್ಟುತ್ತದೆ, ಒತ್ತಡ ಥಟ್ಟನೆ ಏರುತ್ತದೆ. ಉಸಿರು ಬಿಗಿಹಿಡಿದರೆ ಇನ್ನೂ ಏರುತ್ತದೆ.

ಎಷ್ಟು ಏರಬಹುದು? 1985ರಲ್ಲಿ ಸಂಶೋಧಕರು ಐದು ಜನ ಅನುಭವಿ ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು. ಎರಡೂ ಕಾಲಲ್ಲಿ ಭಾರೀ ತೂಕ ತಳ್ಳುವಾಗ ಅವರ ಸರಾಸರಿ 320/250 ಮುಟ್ಟಿತು. ಒಬ್ಬನದು 480/350 ದಾಟಿತು. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅವರು ಎತ್ತುತ್ತಿದ್ದದ್ದು ತಮ್ಮ ಶಕ್ತಿಯ ಕೊನೆಯ ಮಿತಿಗೆ ಹತ್ತಿರದ ತೂಕ, ಅದೂ ಉಸಿರು ಕಟ್ಟಿ. ಹಾಗಾಗಿ ಇದರಿಂದ ಕಲಿಯಬೇಕಾದ್ದು 'ಬಿಪಿ ಇರುವವರು ತೂಕ ಮುಟ್ಟಬಾರದು' ಅಂತಲ್ಲ. ಹಗುರ ಅಥವಾ ಮಧ್ಯಮ ತೂಕ, ಹೆಚ್ಚು ಸಲ, ಎತ್ತುವಾಗ ಉಸಿರು ಹೊರಗೆ ಬಿಡುವುದು. ಜಿಮ್ ಟ್ರೇನರ್ ಪಕ್ಕದಲ್ಲಿ ನಿಂತು "ಇನ್ನೊಂದು, ಇನ್ನೊಂದು" ಅಂತ ಕೂಗಿದರೂ, ಉಸಿರು ಕಟ್ಟಿ ಎತ್ತಬೇಕಾದ 'ಇನ್ನೊಂದು' ನಿಮಗೆ ಬೇಡ.

ಹಾಗಾದರೆ ಯಾವ ವ್ಯಾಯಾಮ ಎಷ್ಟು ಇಳಿಸುತ್ತದೆ? 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 270 ಪ್ರಯೋಗಗಳನ್ನು, ಒಟ್ಟು 15,827 ಜನರ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿತು. ನಡಿಗೆ, ಓಟದಂಥ ಏರೋಬಿಕ್ ವ್ಯಾಯಾಮದಿಂದ ಮೇಲಿನ ಸಂಖ್ಯೆ ಸರಾಸರಿ 4.5ರಷ್ಟು ಇಳಿದಿತ್ತು. ತೂಕ ಎತ್ತುವುದರಿಂದಲೂ ಸುಮಾರು 4.5. ಎರಡನ್ನೂ ಸೇರಿಸಿ ಮಾಡಿದರೆ 6. ಇನ್‌ಸ್ಟಾಗ್ರಾಮ್ ತುಂಬಾ ಕಾಣುವ ಹಿಟ್, ಅಂದರೆ ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನ ಮಾಡುವ ವ್ಯಾಯಾಮದಿಂದ 4. ಅಂದರೆ ಬಿಪಿಯ ಮಟ್ಟಿಗೆ ಅದು ನಡಿಗೆಗಿಂತ ದೊಡ್ಡದೇನನ್ನೂ ಮಾಡಲಿಲ್ಲ. ಎಲ್ಲರಿಗಿಂತ ಮುಂದೆ ಬಂದದ್ದು ಯಾರೂ ನಿರೀಕ್ಷಿಸದ್ದು: ಅಲುಗಾಡದೆ ಸ್ನಾಯು ಬಿಗಿಹಿಡಿದು ನಿಲ್ಲುವ ಐಸೋಮೆಟ್ರಿಕ್ ವ್ಯಾಯಾಮ. ಮೇಲಿನ ಸಂಖ್ಯೆ 8.2, ಕೆಳಗಿನದು 4.

ಅದರಲ್ಲೂ ಮೇಲಿನ ಸಂಖ್ಯೆ ಇಳಿಸುವುದರಲ್ಲಿ ಮೊದಲ ಸ್ಥಾನ ವಾಲ್ ಸ್ಕ್ವಾಟ್‌ಗೆ. ಹೆಸರು ಹೊಸದು, ಮಾಲು ಹಳೇದು. ಶಾಲೆಯಲ್ಲಿ ಹೋಂವರ್ಕ್ ಮಾಡದೆ ಹೋದಾಗ ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯಲ್ಲಿ ಕೂರಿಸುತ್ತಿದ್ದರಲ್ಲ, ಅದೇ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಾಡಿಸಿದ್ದು ಎರಡು ನಿಮಿಷ ಕೂತು ಎರಡು ನಿಮಿಷ ವಿಶ್ರಾಂತಿ, ಹೀಗೆ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ. ಲೆಕ್ಕ ಹಾಕಿದರೆ ಒಂದು ಸಲಕ್ಕೆ 14 ನಿಮಿಷ.

ಸುಮ್ಮನೆ ಬಿಗಿಹಿಡಿದು ನಿಂತರೆ ಬಿಪಿ ಏರುತ್ತದೆ ಅಂದಿರಿ, ಈಗ ನೋಡಿದರೆ ಅದೇ ಎಲ್ಲಕ್ಕಿಂತ ಹೆಚ್ಚು ಇಳಿಸುತ್ತದೆ ಅಂತೀರಿ, ಏನಿದು ಅಂತ ಕೇಳಬಹುದು. ಗುಟ್ಟಿರುವುದು ಬಿಡುವ ಕ್ಷಣದಲ್ಲಿ. ಎರಡು ನಿಮಿಷ ಹಿಸುಕಿಸಿಕೊಂಡ ರಕ್ತನಾಳಕ್ಕೆ ಸ್ನಾಯು ಸಡಿಲವಾದ ತಕ್ಷಣ ರಕ್ತ ನುಗ್ಗಿ ಬರುತ್ತದೆ. ಆ ರಭಸಕ್ಕೆ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ, ನಾಳ ಸಡಿಲಗೊಂಡು ಅಗಲವಾಗುತ್ತದೆ. ವಾರಕ್ಕೆ ಮೂರು ಸಲ ಈ ಪಾಠ ಸಿಕ್ಕರೆ ನಾಳ ಸಡಿಲವಾಗುವುದನ್ನು ಕಲಿಯುತ್ತದೆ. ಜೊತೆಗೆ ನಾಳಗಳನ್ನು ಬಿಗಿ ಮಾಡುವ ನರಗಳ ಹುರುಪೂ ತಗ್ಗುತ್ತದೆ. ಬಿಗಿತ ಮಾತ್ರ ಇದ್ದು ಬಿಡುಗಡೆ ಇಲ್ಲದಿದ್ದರೆ ಈ ಪಾಠ ನಡೆಯುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಟು ಪಾಯಿಂಟ್ ಏನು ಮಹಾ ಅನ್ನಿಸಬಹುದು. ಮಾತ್ರೆಗಳ ಮೇಲಿನ 48 ಪ್ರಯೋಗಗಳನ್ನು ಒಟ್ಟು ಮಾಡಿದ ಒಂದು ವಿಶ್ಲೇಷಣೆ 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೇಲಿನ ಸಂಖ್ಯೆ 5 ಇಳಿದರೂ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅನಾಹುತಗಳು ಸುಮಾರು ಶೇ. 10ರಷ್ಟು ತಗ್ಗುತ್ತವೆ ಅಂತ ಅದು ತೋರಿಸಿತು. ಹಾಗಾಗಿ ಇದು ಸಣ್ಣ ಸಂಖ್ಯೆಯಲ್ಲ.

ಆದರೂ 'ಓಟಕ್ಕಿಂತ ಗೋಡೆ ಕುರ್ಚಿಯೇ ಮೇಲು' ಅನ್ನುವ ಥರದ ಹೆಡ್‌ಲೈನ್‌ಗಳಿಗೆ ಮರುಳಾಗಬೇಡಿ. ಐಸೋಮೆಟ್ರಿಕ್ ಬಗ್ಗೆ ನಡೆದಿರುವ ಪ್ರಯೋಗಗಳು ಏರೋಬಿಕ್‌ಗೆ ಹೋಲಿಸಿದರೆ ಕಮ್ಮಿ, ಚಿಕ್ಕವು. ಅದೇ ವಿಶ್ಲೇಷಣೆಯಲ್ಲೇ ಕೆಳಗಿನ ಸಂಖ್ಯೆ ಇಳಿಸುವುದರಲ್ಲಿ ಮುಂದಿದ್ದದ್ದು ಓಟ. ನಡಿಗೆ, ಓಟ, ಸೈಕಲ್‌ನಿಂದ ಶುಗರ್, ತೂಕ, ನಿದ್ದೆ, ಹೃದಯದ ತಾಕತ್ತು ಎಲ್ಲಕ್ಕೂ ಉಪಯೋಗವಿದೆ. ಹಾಗಾಗಿಯೇ 2024ರ ಯುರೋಪಿಯನ್ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿ ಎರಡನ್ನೂ ಸೇರಿಸಿ ಹೇಳಿತು: ವಾರಕ್ಕೆ ಕನಿಷ್ಠ 150 ನಿಮಿಷ ಏರೋಬಿಕ್ ಇರಲಿ, ಅದರ ಜೊತೆಗೆ ವಾರಕ್ಕೆ ಎರಡು ಮೂರು ಸಲ ಹಗುರ ತೂಕದ ಅಥವಾ ಐಸೋಮೆಟ್ರಿಕ್ ವ್ಯಾಯಾಮ.

ಯೋಗದ ಬಗ್ಗೆ ಒಂದೇ ಮಾತು, ಇಲ್ಲದಿದ್ದರೆ ಕೇಳ್ತೀರಿ. ಉಸಿರಾಟ ಮತ್ತು ಧ್ಯಾನ ಸೇರಿದ ಯೋಗದಿಂದ ಬಿಪಿ ಇಳಿದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ, ಆದರೆ ಅವುಗಳಲ್ಲಿ ಬಹಳಷ್ಟರ ಗುಣಮಟ್ಟ ಅಷ್ಟಕ್ಕಷ್ಟೇ. ಇಷ್ಟವಿದ್ದರೆ ಮಾಡಿ, ಶೀರ್ಷಾಸನ ಮತ್ತು ಉಸಿರು ಕಟ್ಟಿ ಹಿಡಿಯುವುದನ್ನು ಬಿಡಿ. ಯೋಗವನ್ನು ಮಾತ್ರೆಗೆ ಬದಲಿ ಅಂತ ಮಾರುವವರ ಕಡೆ ಮಾತ್ರ ತಲೆ ಹಾಕಬೇಡಿ.

ಕೆಲಸ ವ್ಯಾಯಾಮವಲ್ಲವೇ?

ಈಗ ಗಾರ್ಮೆಂಟ್ಸ್ ಹೆಣ್ಣುಮಗಳ ಪ್ರಶ್ನೆಗೆ ಬರೋಣ. ಮೇಲಿನ ಎಲ್ಲಾ ಅಂಕಿಅಂಶಗಳಲ್ಲೂ ವ್ಯಾಯಾಮ ಅಂದರೆ ಒಬ್ಬರು ತಾವಾಗಿಯೇ ಆರಿಸಿಕೊಂಡು, ನಿಗದಿತ ಹೊತ್ತು ಮಾಡಿ, ಆಮೇಲೆ ಸುಧಾರಿಸಿಕೊಂಡದ್ದು. ದುಡಿಮೆಯ ದೇಹಶ್ರಮಕ್ಕೂ ಇದೇ ಫಲ ಸಿಗುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಆಟ, ಕೆಲಸ, ಓಡಾಟ, ಮನೆಗೆಲಸ ಎಲ್ಲ ಚಟುವಟಿಕೆಯೂ ಲೆಕ್ಕಕ್ಕೆ ಬರುತ್ತದೆ ಅನ್ನುತ್ತದೆ. ಆದರೆ ಡೆನ್ಮಾರ್ಕ್‌ನ ಕೆಲವು ಸಂಶೋಧಕರು, ಮುಖ್ಯವಾಗಿ ಆಂದ್ರೇಯಾಸ್ ಹೋಲ್ಟರ್‌ಮನ್ ಮತ್ತು ಅವರ ಜೊತೆಗಾರರು, ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಅವರು ಕೋಪನ್‌ಹೇಗನ್‌ನ 1,04,046 ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಮಾಹಿತಿಯನ್ನು 2021ರಲ್ಲಿ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಹೆಚ್ಚು ಚಟುವಟಿಕೆಯಿಂದಿದ್ದವರಲ್ಲಿ ಹೃದಯದ ತೊಂದರೆಯೂ ಸಾವೂ ಕಮ್ಮಿ. ಇದು ನಿರೀಕ್ಷಿತ. ಆದರೆ ಕೆಲಸದಲ್ಲಿ ಅತಿ ಹೆಚ್ಚು ಶ್ರಮ ಪಡುವವರಲ್ಲಿ, ಕಮ್ಮಿ ಶ್ರಮದ ಕೆಲಸದವರಿಗೆ ಹೋಲಿಸಿದರೆ, ಸಾವು ಶೇ. 27ರಷ್ಟು, ಹೃದಯದ ದೊಡ್ಡ ಅನಾಹುತಗಳು ಶೇ. 35ರಷ್ಟು ಹೆಚ್ಚಿದ್ದವು. ಬೀಡಿ ಸಿಗರೇಟು, ಕುಡಿತ, ಓದು ಇವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಇದು ಉಳಿಯಿತು. ಅದಕ್ಕೂ ಮೊದಲು, 2018ರಲ್ಲಿ, ಸುಮಾರು 1.94 ಲಕ್ಷ ಜನರ ಮೇಲಿನ 17 ಅಧ್ಯಯನಗಳನ್ನು ಸೇರಿಸಿದ ವಿಶ್ಲೇಷಣೆಯೊಂದು ಶ್ರಮದ ಕೆಲಸದ ಗಂಡಸರಲ್ಲಿ ಬೇಗ ಸಾಯುವ ಸಾಧ್ಯತೆ ಶೇ. 18ರಷ್ಟು ಹೆಚ್ಚು ಅಂದಿತ್ತು. ಹೆಂಗಸರಲ್ಲಿ ಅದು ಕಂಡಿರಲಿಲ್ಲ.

ಇದನ್ನು ಎಲ್ಲರೂ ಒಪ್ಪಿಲ್ಲ. ಅದೇ 2021ರಲ್ಲಿ ನಾರ್ವೆಯ ದೊಡ್ಡ ಅಧ್ಯಯನವೊಂದು ಶ್ರಮದ ಕೆಲಸದ ಗಂಡಸರು ಕೂತು ಕೆಲಸ ಮಾಡುವವರಿಗಿಂತ ಬೇಗ ಸಾಯುತ್ತಿಲ್ಲ, ತುಸು ಹೆಚ್ಚೇ ಬದುಕುತ್ತಿದ್ದಾರೆ ಅಂತ ತೋರಿಸಿತು. ದೇಹವನ್ನು ದುಡಿಮೆಗೆ ಮಾರುವವನ ಬಾಲ್ಯದ ಬಡತನ, ಊಟ, ಬಾಡಿಗೆ ಮನೆ, ಸಾಲ ಇವನ್ನೆಲ್ಲ ಅಂಕಿಯೊಳಗೆ ಪೂರ್ತಿ ಹಿಡಿಯುವುದು ಕಷ್ಟ. ಬಡತನವೇ ಕೊಲ್ಲುತ್ತಿದೆಯೋ ಶ್ರಮ ಕೊಲ್ಲುತ್ತಿದೆಯೋ ಅನ್ನುವ ವಾದ ಇನ್ನೂ ನಡೆಯುತ್ತಿದೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಒಂದು ಚಿಕ್ಕ ಪ್ರಯೋಗ.

ಡೆನ್ಮಾರ್ಕ್‌ನಲ್ಲಿ 116 ಜನ ಸಫಾಯಿ ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ತಿಂಗಳು ಕೆಲಸದ ಜಾಗದಲ್ಲೇ ಏರೋಬಿಕ್ ವ್ಯಾಯಾಮ ಮಾಡಿಸಿದರು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಆ ಗುಂಪಿನವರ ದಮ್ಮು ಸುಧಾರಿಸಿತು. ಆದರೆ ಮೈಗೆ ಕಟ್ಟಿದ ಯಂತ್ರದಿಂದ 24 ಗಂಟೆ ಅಳೆದಾಗ, ವ್ಯಾಯಾಮ ಮಾಡದ ಗುಂಪಿಗೆ ಹೋಲಿಸಿದರೆ ಅವರ ಬಿಪಿಯ ಮೇಲಿನ ಸಂಖ್ಯೆ ಸರಾಸರಿ 3.6ರಷ್ಟು ಏರಿತ್ತು! ಕೆಲಸದ ಹೊರೆ ಹೆಚ್ಚಿದ್ದವರಲ್ಲಿ ಇದು ಇನ್ನೂ ಎದ್ದು ಕಂಡಿತು. ಒಂದೇ ಪ್ರಯೋಗ, ಚಿಕ್ಕ ಪ್ರಯೋಗ, ಇದರ ಮೇಲೆ ಮನೆ ಕಟ್ಟಲಾಗದು. ಆದರೆ ಕೂತು ಕೆಲಸ ಮಾಡುವವರ ದೇಹಕ್ಕೆ ಬರೆದ ಚೀಟಿಯನ್ನೇ ದಿನವಿಡೀ ನಿಂತು, ಬಗ್ಗಿ, ಎತ್ತಿ ದಣಿದ ದೇಹಕ್ಕೂ ಕೊಟ್ಟರೆ ಏನಾಗಬಹುದು ಅನ್ನುವುದಕ್ಕೆ ಇದು ಎಚ್ಚರಿಕೆ.

ಯಾಕೆ ಹೀಗೆ? ಎಪಿಎಂಸಿ ಯಾರ್ಡ್‌ನ ಹಮಾಲಿಯನ್ನು ನೆನೆಸಿಕೊಳ್ಳಿ. ಮೂಟೆ ಎತ್ತುವಾಗ ಆತ ಉಸಿರು ಬಿಗಿಹಿಡಿಯುತ್ತಾನೆ, ಅದು 1985ರ ಪ್ರಯೋಗಶಾಲೆಯಲ್ಲಿ ಬಾಡಿಬಿಲ್ಡರ್‌ಗಳು ಮಾಡಿದ್ದೇ. ವ್ಯತ್ಯಾಸ ಏನೆಂದರೆ ಅವರು ಕೆಲವು ಸಲ ಎತ್ತಿ ಮನೆಗೆ ಹೋದರು. ಈತನಿಗೆ ಲಾರಿ ಖಾಲಿಯಾಗುವವರೆಗೂ ಬಿಡುವಿಲ್ಲ, ಕೂಲಿ ಇರುವುದು ಮೂಟೆಯ ಲೆಕ್ಕಕ್ಕೆ. ಗಾರ್ಮೆಂಟ್ಸ್ ಲೈನ್‌ನಲ್ಲಿ ಕತ್ತು, ಭುಜ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದಿರುತ್ತವೆ. ಹೃದಯದ ದಮ್ಮು ಬೆಳೆಯುವಷ್ಟು ಜೋರಾದ ಚಟುವಟಿಕೆ ಅದಲ್ಲ, ರಕ್ತನಾಳ ಸಡಿಲವಾಗುವಷ್ಟು ಬಿಡುವೂ ಇಲ್ಲ. ಗೋಡೆ ಕುರ್ಚಿಯ ಗುಟ್ಟು ಬಿಡುಗಡೆಯ ಕ್ಷಣದಲ್ಲಿದೆ ಅಂದೆನಲ್ಲ, ಟಾರ್ಗೆಟ್ ಇರುವ ಕೆಲಸದಲ್ಲಿ ಆ ಕ್ಷಣ ಕೆಲಸಗಾರರ ಕೈಲಿಲ್ಲ. ಯಾವಾಗ ನಿಲ್ಲಿಸಬೇಕು, ಯಾವಾಗ ನೀರು ಕುಡೀಬೇಕು, ಯಾವಾಗ ಟಾಯ್ಲೆಟ್‌ಗೆ ಹೋಗಬೇಕು ಅನ್ನುವುದನ್ನು ಸೂಪರ್‌ವೈಸರ್ ತೀರ್ಮಾನಿಸುತ್ತಾನೆ.

ಮನೆಗೆಲಸವನ್ನೂ ಇದೇ ಸಾಲಿನಲ್ಲಿ ನೋಡಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇನ್ನೊಂದು ಕಡೆ, ಅದೇ ವರ್ಷ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಂದಾಜು ಭಾರತದ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42ರಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲ ಅಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ದಿನಕ್ಕೆ ಸುಮಾರು ಐದು ಗಂಟೆ ಅಡುಗೆ, ಪಾತ್ರೆ, ಬಟ್ಟೆ ಅಂತ ನಿಂತವಳನ್ನು ನಮ್ಮ ಪತ್ರಿಕೆಗಳು 'ಸೋಮಾರಿ ಭಾರತ' ಅನ್ನುವ ಧಾಟಿಯ ಸುದ್ದಿಯೊಳಗೆ ಸೇರಿಸಿದವು. ಅವಳಿಗೆ ಇಲ್ಲದಿರುವುದು ಅವಳದೇ ಆದ ಅರ್ಧ ಗಂಟೆ.

ಗಂಟೆಗಳ ರಾಜಕೀಯ

ವ್ಯಾಯಾಮದ ಸಲಹೆ ಹೊತ್ತಿನ ಪ್ರಶ್ನೆಯಾಗುವುದು ಇಲ್ಲೇ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೇಳಿದವು. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು ಹೆಚ್ಚೂಕಮ್ಮಿ ದುಪ್ಪಟ್ಟು ಮಾಡಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರದ ಮುಂದೆ 2024ರಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳುವ ಪ್ರಸ್ತಾಪ ಬಂತು, ಐಟಿ ನೌಕರರ ಸಂಘಟನೆ ಬೀದಿಗಿಳಿಯಿತು. ಈ ನಡುವೆ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು, ಎಲ್ ಅಂಡ್ ಟಿ ಅಧ್ಯಕ್ಷರು 90 ಅಂದರು. ದಿನಕ್ಕೆ 12 ಗಂಟೆ ಕೆಲಸ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮೂರು ಗಂಟೆ. ಇದರೊಳಗೆ 150 ನಿಮಿಷವನ್ನು ಎಲ್ಲಿ ತೂರಿಸುವುದು ಅಂತ ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಡಲಾರರು.

ಜಾಗವೂ ಅಷ್ಟೇ. ಬೆಂಗಳೂರಿನ ವಾರ್ಡ್ ಪಾರ್ಕ್‌ಗಳು ವರ್ಷಗಟ್ಟಲೆ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ತೆರೆದು ಮಧ್ಯಾಹ್ನ ಬೀಗ ಹಾಕಿಕೊಳ್ಳುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಹಗಲು ಬಿಡುವಾದವರಿಗೆ ಆ ಗೇಟಿನ ಪರಿಚಯ ಚೆನ್ನಾಗಿದೆ. ಆಗಿನ ಬಿಬಿಎಂಪಿ 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕ್ ತೆರೆದಿಡುವ ತೀರ್ಮಾನ ಮಾಡಿತು. ಬಿಪಿಯ ಮಟ್ಟಿಗೆ ಹೇಳುವುದಾದರೆ, ಹತ್ತು ಜಾಗೃತಿ ಜಾಥಾಗಳಿಗಿಂತ ಈ ಒಂದು ಆದೇಶ ಮೇಲು. ಫುಟ್‌ಪಾತ್ ಬಗ್ಗೆ ಹೇಳಲು ಹೋದರೆ ಈ ಲೇಖನ ಮುಗಿಯುವುದಿಲ್ಲ.

ಇಷ್ಟಾದರೂ ಕಾನೂನು ಬದಲಾಗುವವರೆಗೆ ಬಿಪಿ ಕಾಯುವುದಿಲ್ಲ, ಹಾಗಾಗಿ ಇವತ್ತಿಗೆ ಏನು ಮಾಡಬಹುದು ಅನ್ನುವುದನ್ನೂ ಹೇಳಬೇಕು.

ನೀವು ಕೂತು ಕೆಲಸ ಮಾಡುವವರಾದರೆ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಒಂದೇ ಸಲ ಅರ್ಧ ಗಂಟೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕಿದೆ. ಇದರ ಮೇಲೆ ವಾರಕ್ಕೆ ಮೂರು ದಿನ ಗೋಡೆ ಕುರ್ಚಿ. ಮೊದಲ ದಿನವೇ ತೊಡೆ ನೆಲಕ್ಕೆ ಸಮನಾಗಿ ಕೂರಲು ಹೋಗಬೇಡಿ, ಸ್ವಲ್ಪ ಮೇಲೆಯೇ ನಿಂತು 30 ಸೆಕೆಂಡಿನಿಂದ ಶುರು ಮಾಡಿ ವಾರ ವಾರ ಏರಿಸಿಕೊಳ್ಳಿ. ಕೂತಿರುವಷ್ಟೂ ಹೊತ್ತು ಮಾಮೂಲಾಗಿ ಉಸಿರಾಡುತ್ತಿರಬೇಕು. ಪಕ್ಕದವರ ಜೊತೆ ಮಾತಾಡುತ್ತಾ ಕೂತರೆ ಉಸಿರು ಕಟ್ಟುವುದಿಲ್ಲ. ಮೊಣಕಾಲು ನೋವಿದ್ದವರು ಇದನ್ನು ಬಿಟ್ಟು ಅಂಗೈಯಲ್ಲಿ ಹಿಡಿಕೆ ಹಿಸುಕುವ ಹ್ಯಾಂಡ್‌ಗ್ರಿಪ್ ಬಳಸಬಹುದು, ಪೂರ್ತಿ ಶಕ್ತಿ ಹಾಕದೆ, ಶಕ್ತಿಯ ಮೂರನೇ ಒಂದು ಭಾಗದಷ್ಟು ಮಾತ್ರ.

ನಿಂತು, ಎತ್ತಿ, ಬಗ್ಗಿ ದುಡಿಯುವವರಿಗೆ ಕೆಲಸ ಮುಗಿಸಿ ಬಂದು ಮತ್ತೆ ಓಡಿ ಅಂತ ನಾನಂತೂ ಹೇಳಲಾರೆ. ಅವರಿಗೆ ಮೊದಲು ಬೇಕಾದ್ದು ಕೂರುವುದು, ಮಲಗುವುದು. ಆರೋಗ್ಯವಂತ ದೇಹದಲ್ಲಿ ರಾತ್ರಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಹೃದಯಕ್ಕೆ ಸಿಗುವ ನಿಜವಾದ ರಜೆ ಅದೇ. ವಾರದ ರಜೆಯ ದಿನ ಆರಾಮಾಗಿ ನಡೆಯಿರಿ. ಕೆಲಸದ ನಡುವೆ ಐದು ನಿಮಿಷ ಸಿಕ್ಕರೆ ಕಾಲು ಚಾಚಿ ಕೂರಿ.

ಕೆಲವು ಎಚ್ಚರಿಕೆಗಳಲ್ಲಿ ರಾಜಿ ಇಲ್ಲ. ಆರಾಮಾಗಿ ಕೂತಾಗಲೂ ಬಿಪಿ 180/110 ದಾಟುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ ಅದನ್ನು ಇಳಿಸಿಕೊಳ್ಳಿ, ಆಮೇಲೆ ಜೋರಾದ ವ್ಯಾಯಾಮ, ತೂಕ, ಗೋಡೆ ಕುರ್ಚಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಂದೂ ಇಲ್ಲದಷ್ಟು ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ, ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ಹೃದಯ ಬಡಿತ ಮಾಮೂಲಿನಷ್ಟು ಏರುವುದಿಲ್ಲ, ಸ್ಮಾರ್ಟ್‌ವಾಚ್ ತೋರಿಸುವ ಗುರಿಯ ಹಿಂದೆ ಓಡಬೇಡಿ. ನೀರಿನಂಶ ಹೊರಹಾಕುವ ಮಾತ್ರೆ ತಗೊಳ್ಳುವವರು ಕಲಬುರಗಿ, ರಾಯಚೂರಿನಂಥ ಬಿಸಿಲಲ್ಲಿ ಹಗಲು ಹೊತ್ತು ವ್ಯಾಯಾಮ ಮಾಡಬಾರದು. ವ್ಯಾಯಾಮವನ್ನು ಥಟ್ಟನೆ ನಿಲ್ಲಿಸದೆ ಐದು ನಿಮಿಷ ನಿಧಾನಕ್ಕೆ ಇಳಿಸಿ, ಇಲ್ಲದಿದ್ದರೆ ಬಿಪಿ ದಢಕ್ಕನೆ ಬಿದ್ದು ತಲೆಸುತ್ತು ಬರಬಹುದು.

ಮಾತ್ರೆಯ ವಿಷಯದಲ್ಲೂ ಸ್ಪಷ್ಟವಿರಲಿ. 391 ಪ್ರಯೋಗಗಳನ್ನು ಸೇರಿಸಿದ 2018ರ ವಿಶ್ಲೇಷಣೆಯೊಂದು, ಬಿಪಿ ಹೆಚ್ಚಿದ್ದವರಲ್ಲಿ ವ್ಯಾಯಾಮವೂ ಹೆಚ್ಚಿನ ಮಾತ್ರೆಗಳೂ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ ಬಿಪಿ ಇಳಿಸಿದಂತೆ ಕಾಣುತ್ತದೆ ಅಂದಿತು. ಆದರೆ ಆ ಪ್ರಯೋಗಗಳು ಮಾತ್ರೆ ಮತ್ತು ವ್ಯಾಯಾಮವನ್ನು ಎದುರುಬದುರು ನಿಲ್ಲಿಸಿ ನೋಡಿದವಲ್ಲ. ಮಾತ್ರೆ ನಿಲ್ಲಿಸಿ ಅಂತ ಇದರರ್ಥವಲ್ಲ ಅಂತ ಬರೆದವರೇ ಎಚ್ಚರಿಸಿದರು. ವ್ಯಾಯಾಮ ಬಿಟ್ಟರೆ ಕೆಲವು ವಾರಗಳಲ್ಲೇ ಇಳಿದ ಬಿಪಿ ಮತ್ತೆ ಏರುತ್ತದೆ. ಬದುಕಿನಲ್ಲಿ ಕೆಲವು ವಾರ ವ್ಯಾಯಾಮ ತಪ್ಪದವರು ಯಾರಿದ್ದಾರೆ? ಮಾತ್ರೆ ಕಮ್ಮಿ ಮಾಡುವ ತೀರ್ಮಾನ ಅಳೆದ ಅಂಕಿ ನೋಡಿ ಡಾಕ್ಟರು ಮಾಡಬೇಕಾದ್ದು.

ಅಳೆಯುವುದಕ್ಕೂ ಕ್ರಮವಿದೆ. ವ್ಯಾಯಾಮ, ಕಾಫಿ, ಟೀ, ಸಿಗರೇಟು ಇವುಗಳಾಗಿ ಅರ್ಧ ಗಂಟೆ ಕಳೆದಿರಬೇಕು. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಕೂರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಒಂದು ಸಲ ಅಳೆದು ತೀರ್ಮಾನಕ್ಕೆ ಬರದೆ ಬೇರೆ ಬೇರೆ ದಿನ ಅಳೆಸಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ದುಡ್ಡಿಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ವರ್ಷ ಮೇಲ್ಪಟ್ಟವರ ಬಿಪಿ, ಶುಗರ್ ನೋಡುತ್ತಾರೆ. ಆದರೆ ಅವರು ಬರುವ ಹೊತ್ತಿಗೆ ಗಾರ್ಮೆಂಟ್ಸ್ ಹೆಣ್ಣುಮಗಳು ಮನೆಯಲ್ಲಿರುವುದಿಲ್ಲ, ಫ್ಯಾಕ್ಟರಿಯಲ್ಲಿರುತ್ತಾಳೆ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ರೂಮ್ ಇರಲೇಬೇಕು ಅಂತ ಕಾನೂನು ಹೇಳುತ್ತದೆ. ಅಲ್ಲೊಂದು ಬಿಪಿ ಯಂತ್ರ ಇಟ್ಟು, ತಿಂಗಳಿಗೊಮ್ಮೆ ಕೆಲಸದ ಹೊತ್ತಲ್ಲೇ ಸಂಬಳ ಹಿಡಿಯದೆ ಅಳೆಸಿ ಅಂತ ಕೇಳುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಯೂನಿಯನ್‌ನ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ಸಾಕು.